‘ಪರಿಸರ ಸೂಕ್ಷ್ಮ ಪ್ರದೇಶ’ ಅಂದರೆ ಏನು? ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡಿನವರಿಗೆ, ಕರಾವಳಿಯವರಿಗೆ ಈ ಪದ ಹೊಸದಲ್ಲ. 2013ರಿಂದ ಈಚೆಗೆ ಗ್ರಾಮಸಭೆ, ಬಂದ್, ಚುನಾವಣಾ ಭಾಷಣ, ಎಲ್ಲ ಕಡೆ ಬಂದುಹೋಗಿದೆ. ಆದರೆ ಒಂದೇ ಪದವನ್ನು ಮೂರು ನಾಲ್ಕು ಬೇರೆ ಬೇರೆ ಸಂಗತಿಗೆ ಬಳಸುತ್ತಾರೆ. ಒಬ್ಬರು ಒಂದರ ಬಗ್ಗೆ ಹೇಳಿದರೆ ಇನ್ನೊಬ್ಬರು ಮತ್ತೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಕೊಡುತ್ತಾರೆ. ಹೀಗಾಗಿ ಜಗಳ ಜಾಸ್ತಿ, ತಿಳಿವಳಿಕೆ ಕಡಿಮೆ. ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ: ಪರಿಸರ ಸೂಕ್ಷ್ಮ ಪ್ರದೇಶ ಅಂದರೆ ಏನು?

ಒಮ್ಮೆ ಕೆಟ್ಟರೆ ಮತ್ತೆ ಸರಿಮಾಡಲು ಆಗದ ಜಾಗ. ಅದಕ್ಕಾಗಿ ಸರ್ಕಾರ ಅಲ್ಲಿ ಕೆಲವು ಕೆಲಸಗಳನ್ನು ನಿಲ್ಲಿಸುತ್ತದೆ, ಕೆಲವಕ್ಕೆ ಷರತ್ತು ಹಾಕುತ್ತದೆ.

ಯಾವ ಜಾಗ ಸೂಕ್ಷ್ಮ ಅಂತ ತೀರ್ಮಾನಿಸಲು ಒಂದು ಅಳತೆಗೋಲು ಬೇಕಲ್ಲ? 2000ದಲ್ಲಿ ಪ್ರಣಬ್ ಸೇನ್ ಸಮಿತಿ ಅದನ್ನು ಹೇಳಿತು. ಅಲ್ಲಿರುವ ಜೀವಿಗಳು, ಅಲ್ಲಿನ ಕಾಡು ಮತ್ತು ನೀರಿನ ವ್ಯವಸ್ಥೆ, ನೆಲದ ಆಕಾರ, ಈ ಮೂರನ್ನೂ ನೋಡಬೇಕು ಅಂತ. ನಮ್ಮ ಕಡೆಯ ಉದಾಹರಣೆ ಬೇಕಾದರೆ ಸಿಂಗಳೀಕವನ್ನೇ ತೆಗೆದುಕೊಳ್ಳಿ. ಇದು ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇಲ್ಲ. ಶರಾವತಿ, ಅಘನಾಶಿನಿ ಕಣಿವೆಯ ಕಾಡು ಹೋದರೆ ಅದನ್ನು ತಂದು ಬಿಡಲು ಬೇರೆ ಜಾಗವಿಲ್ಲ. ಸಿದ್ದಾಪುರದ ಕತ್ತಲೆಕಾನಿನ ಕಡೆ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ಒದ್ದೆ ಇರುವ ಆ ನೆಲದಲ್ಲಿ ಮರಗಳು ಉಸಿರಾಡಲು ಬೇರನ್ನೇ ಮೊಣಕಾಲಿನ ಹಾಗೆ ಮೇಲಕ್ಕೆ ಎತ್ತುತ್ತವೆ. ಆ ಹಳ್ಳದ ನೀರನ್ನು ಬೇರೆ ಕಡೆ ತಿರುಗಿಸಿದರೆ ಜಡ್ಡಿ ಒಣಗುತ್ತದೆ. ಗಿಡ ನೆಟ್ಟು ಅದನ್ನು ಮತ್ತೆ ಮಾಡಲು ಬರುವುದಿಲ್ಲ.

‘ಸೂಕ್ಷ್ಮ’ ಅಂದರೆ ಚಿಕ್ಕದು ಅಲ್ವಾ? ಇಡೀ ಘಟ್ಟಕ್ಕೆ ಅದು ಹೇಗೆ ಹೊಂದುತ್ತದೆ?

ಸೂಕ್ಷ್ಮಜೀವಿ, ಸೂಕ್ಷ್ಮದರ್ಶಕ ಅನ್ನುವಾಗ ಚಿಕ್ಕದು. ಇಲ್ಲಿ ಆ ಅರ್ಥ ಇಲ್ಲ. ‘ಅವರದು ಸೂಕ್ಷ್ಮ ಶರೀರ, ಸ್ವಲ್ಪ ಚಳಿಗಾಳಿ ತಾಗಿದರೂ ಆಗುವುದಿಲ್ಲ’ ಅನ್ನುತ್ತೇವಲ್ಲ, ಆ ಅರ್ಥ.

ಇನ್ನೊಂದು ತೊಡಕೂ ಇದೆ. ಕನ್ನಡ ಪತ್ರಿಕೆ ಓದುವವರು ‘ಸೂಕ್ಷ್ಮ ಪ್ರದೇಶ’ ಅನ್ನುವುದನ್ನು ಮೊದಲು ನೋಡಿದ್ದು ಪೊಲೀಸ್ ಸುದ್ದಿಯಲ್ಲಿ. ಸೂಕ್ಷ್ಮ ಮತಗಟ್ಟೆ, ಅತಿಸೂಕ್ಷ್ಮ ಮತಗಟ್ಟೆ, ಮೆರವಣಿಗೆ ಹೋಗುವ ಸೂಕ್ಷ್ಮ ಪ್ರದೇಶ. ಅಲ್ಲೆಲ್ಲ ಗಲಾಟೆ ಆಗಬಹುದು, ಹೆಚ್ಚುವರಿ ಕಾವಲು ಬೇಕು ಅಂತ ಅರ್ಥ. ಹಾಗಾಗಿ ‘ನಿಮ್ಮ ಊರು ಸೂಕ್ಷ್ಮ ಪ್ರದೇಶ’ ಅಂದಕೂಡಲೇ ಯಾರೋ ಬಂದು ಕಾವಲು ಕೂರುತ್ತಾರೆ ಅನ್ನುವ ಭಯ ಹುಟ್ಟುವುದು ಸಹಜವೇ.

ಇಎಸ್‌ಎ, ಇಎಸ್‌ಝಡ್ ಎರಡೂ ಒಂದೇನಾ?

ಅಲ್ಲ. ಗೊಂದಲದ ಬೇರು ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಎರಡಕ್ಕೂ ಕಾನೂನು ಒಂದೇ: 1986ರ ಪರಿಸರ ಸಂರಕ್ಷಣಾ ಕಾಯ್ದೆ. ಎರಡನ್ನೂ ಕೇಂದ್ರ ಪರಿಸರ ಸಚಿವಾಲಯವೇ ಹೊರಡಿಸುತ್ತದೆ. ಅಲ್ಲಿಗೆ ಹೋಲಿಕೆ ಮುಗಿಯಿತು.

ಇಎಸ್‌ಎ ಅಂದರೆ ಪರಿಸರ ಸೂಕ್ಷ್ಮ ಪ್ರದೇಶ. ಒಂದು ಭೂಭಾಗವನ್ನು ಅದರ ಸ್ವಂತ ಗುಣಕ್ಕಾಗಿಯೇ ಗುರುತಿಸುವುದು. ಒಳಗೆ ಅಭಯಾರಣ್ಯ ಇರಲೇಬೇಕು ಅಂತಿಲ್ಲ. ಊರು, ತೋಟ, ಪೇಟೆ ಎಲ್ಲ ಇರಬಹುದು. ದೇಶದಲ್ಲಿ ಇಂಥವು 1989ರಿಂದಲೇ ಇವೆ. ಡೂನ್ ಕಣಿವೆ 1989ರಲ್ಲಿ, ಮಹಾರಾಷ್ಟ್ರದ ದಹಾಣು 1991ರಲ್ಲಿ, ಮಹಾಬಲೇಶ್ವರ–ಪಂಚಗಣಿ 2001ರಲ್ಲಿ, ಮಾಥೇರಾನ್ 2003ರಲ್ಲಿ ಈ ಸಾಲಿಗೆ ಬಂದವು. 2013ರ ಕಸ್ತೂರಿರಂಗನ್ ಸಮಿತಿ ವರದಿಯ ಆಧಾರದ ಮೇಲೆ ಪಶ್ಚಿಮ ಘಟ್ಟಕ್ಕೆ ಬಂದಿರುವ ಕರಡು ಅಧಿಸೂಚನೆ ಕೂಡ ಇದೇ ಜಾತಿಯದು.

ಇಎಸ್‌ಝಡ್ ಅಂದರೆ ಪರಿಸರ ಸೂಕ್ಷ್ಮ ವಲಯ. ಇದು ರಾಷ್ಟ್ರೀಯ ಉದ್ಯಾನ ಅಥವಾ ವನ್ಯಜೀವಿ ಧಾಮದ ಸುತ್ತ ಎಳೆಯುವ ಪಟ್ಟಿ. ಒಳಗೆ ಕಾಡು, ಹೊರಗೆ ಊರು, ನಡುವೆ ಈ ಪಟ್ಟಿ. ಬಂಡೀಪುರದ್ದು 2012ರಲ್ಲಿ ಬಂತು. ಒಂದೊಂದು ಕಾಡಿಗೂ ಪ್ರತ್ಯೇಕ ಅಧಿಸೂಚನೆ, ಪ್ರತ್ಯೇಕ ನಕ್ಷೆ.

ಕನ್ನಡದಲ್ಲಿ ‘ಪ್ರದೇಶ’ ಮತ್ತು ‘ವಲಯ’ ಎರಡನ್ನೂ ನಾವು ಮನಸ್ಸಿಗೆ ಬಂದಂತೆ ಅದಲು ಬದಲು ಮಾಡುತ್ತೇವೆ. ಮಾತಿನಲ್ಲಿ ಪರವಾಗಿಲ್ಲ. ಅರ್ಜಿ, ಠರಾವು, ಸುದ್ದಿಯಲ್ಲಿ ಹಾಗೆ ಮಾಡಿದರೆ ಅರ್ಥವೇ ಬದಲಾಗುತ್ತದೆ.

ಗಾಡ್ಗೀಳ್ ವರದಿಯಲ್ಲೂ ‘ವಲಯ 1, ವಲಯ 2’ ಅಂತ ಇತ್ತಲ್ಲ? ಅದು ಇಎಸ್‌ಝಡ್ ಅಲ್ವಾ?

ಹೆಸರು ಅದೇ, ಆದರೆ ಅರ್ಥ ಬೇರೆ. 2010ರಲ್ಲಿ ನೇಮಕವಾದ ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಇಡೀ ಪಶ್ಚಿಮ ಘಟ್ಟವನ್ನೇ ಇಎಸ್‌ಎ ಅಂತ ಪರಿಗಣಿಸಿ, ಅದರೊಳಗೆ ಸೂಕ್ಷ್ಮತೆ ಜಾಸ್ತಿ, ಮಧ್ಯಮ, ಕಡಿಮೆ ಅಂತ ಮೂರು ಇಎಸ್‌ಝಡ್ ಮಾಡಿತು. ಅಭಯಾರಣ್ಯದ ಸುತ್ತಲ ಪಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಅದೇ ಹೊತ್ತಿಗೆ, 2011ರ ಫೆಬ್ರುವರಿಯಲ್ಲಿ, ಸಚಿವಾಲಯ ಅಭಯಾರಣ್ಯಗಳ ಇಎಸ್‌ಝಡ್‌ಗೆ ಮಾರ್ಗಸೂಚಿ ಹೊರಡಿಸಿತ್ತು. ಒಂದೇ ವರ್ಷ, ಒಂದೇ ಹೆಸರು, ಎರಡು ಬೇರೆ ವಿಷಯ. ಜನ ಗೊಂದಲಪಟ್ಟರೆ ತಪ್ಪು ಅವರದಲ್ಲ.

ಮೇಲಾಗಿ ಆ ವರದಿ ತಿಂಗಳುಗಟ್ಟಲೆ ಜನರ ಕೈಗೆ ಬರಲೇ ಇಲ್ಲ. ಮಾಹಿತಿ ಹಕ್ಕಿನ ಹೋರಾಟ ಮತ್ತು ದೆಹಲಿ ಹೈಕೋರ್ಟ್ ತೀರ್ಪಿನ ನಂತರ, 2012ರ ಮೇ ತಿಂಗಳಲ್ಲಿ, ಸಚಿವಾಲಯ ಅದನ್ನು ಹೊರಗೆ ಬಿಟ್ಟಿತು. ಓದಲು ಸಿಗದ ವರದಿಯ ಬಗ್ಗೆ ಊರು ತುಂಬ ಸುದ್ದಿ ಹಬ್ಬಿದರೆ ಏನಾಗುತ್ತದೆಯೋ ಅದೇ ಆಯಿತು.

ಆಮೇಲೆ ಬಂದ ಕಸ್ತೂರಿರಂಗನ್ ಸಮಿತಿ 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಅದು ಮೂರು ವಲಯಗಳನ್ನು ಕೈಬಿಟ್ಟು, ಘಟ್ಟದ ಸುಮಾರು ಶೇ 37ರಷ್ಟು ಭಾಗವನ್ನು ಮಾತ್ರ ಇಎಸ್‌ಎ ಅಂದಿತು. ಆಮೇಲೆ ಬಂದ ಕರಡುಗಳಿಗೆಲ್ಲ ಆಧಾರ ಇದು, ಗಾಡ್ಗೀಳ್ ವರದಿ ಅಲ್ಲ.

ಬಫರ್ ಜೋನ್ ಅಂದರೂ ಇದೇನಾ?

ಮಾತಿನಲ್ಲಿ ಹಾಗೇ ಹೇಳುತ್ತಾರೆ. ಕಾನೂನಿನಲ್ಲಿ ಬಫರ್ ಅನ್ನುವುದು ಹುಲಿ ಸಂರಕ್ಷಿತ ಪ್ರದೇಶದ ಹೊರಭಾಗ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ಸೇರಿದ ತಿದ್ದುಪಡಿಯಿಂದ ಬಂದದ್ದು. ಕರ್ನಾಟಕದ ಐದು ಹುಲಿ ಸಂರಕ್ಷಿತ ಪ್ರದೇಶಗಳಾದ ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ, ಇವುಗಳ ವಿಷಯ ಬಂದಾಗ ಮಾತ್ರ ಆ ಪದ ಸರಿ. ಉಳಿದ ಕಡೆ ಇಎಸ್‌ಝಡ್ ಅನ್ನಿ.

ಸಿಆರ್‌ಝಡ್‌ನಲ್ಲೂ ‘ಪರಿಸರ ಸೂಕ್ಷ್ಮ’ ಅಂತ ಬರುತ್ತದೆ. ಅದೇನು?

ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯ. ಅದು ಕರಾವಳಿಯ ನಿಯಮ. 1991ರಲ್ಲಿ ಬಂತು, 2011 ಮತ್ತು 2019ರಲ್ಲಿ ಬದಲಾಯಿತು. ಕಾಂಡ್ಲಾ ಕಾಡು, ಹವಳದ ದಿಬ್ಬ, ಕಡಲಾಮೆ ಮೊಟ್ಟೆ ಇಡುವ ತೀರ, ಮರಳ ದಿಣ್ಣೆ, ಇವನ್ನೆಲ್ಲ ಸಿಆರ್‌ಝಡ್-1ರಲ್ಲಿ ಪರಿಸರ ಸೂಕ್ಷ್ಮ ಅಂತ ಸೇರಿಸಿದ್ದಾರೆ. ಕುಮಟಾ, ಹೊನ್ನಾವರದಂಥ ತಾಲ್ಲೂಕಿನಲ್ಲಿ ಸಮುದ್ರದ ಕಡೆ ಸಿಆರ್‌ಝಡ್, ಘಟ್ಟದ ಕಡೆ ಇಎಸ್‌ಎ ಕರಡು. ಒಂದೇ ತಾಲ್ಲೂಕಿನ ಇಬ್ಬರು ಒಂದೇ ಪದ ಹೇಳುತ್ತಾ ಎರಡು ಬೇರೆ ಕಾಗದದ ಬಗ್ಗೆ ಮಾತಾಡುತ್ತಿರಬಹುದು.

ರಕ್ಷಿತಾರಣ್ಯ, ಡೀಮ್ಡ್ ಫಾರೆಸ್ಟ್, ಪಾರಂಪರಿಕ ತಾಣ, ಇವೆಲ್ಲ?

ಇವೆಲ್ಲ ಬೇರೆ ಬೇರೆ. ರಕ್ಷಿತಾರಣ್ಯ ಅರಣ್ಯ ಕಾಯ್ದೆಯದು. ಡೀಮ್ಡ್ ಫಾರೆಸ್ಟ್, ಅಂದರೆ ಅರಣ್ಯ ಅಂತ ಅಧಿಸೂಚನೆ ಆಗದಿದ್ದರೂ ಕಾಡು ಅಂತಲೇ ಪರಿಗಣಿಸುವ ಜಾಗ, ಸುಪ್ರೀಂ ಕೋರ್ಟ್‌ನ ಗೋದಾವರ್ಮನ್ ಪ್ರಕರಣದಿಂದ ಬಂದದ್ದು. ಜೀವವೈವಿಧ್ಯ ಪಾರಂಪರಿಕ ತಾಣ 2002ರ ಜೀವವೈವಿಧ್ಯ ಕಾಯ್ದೆಯದು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದಲ್ಲೇ ಮೊದಲು ಆ ಹೆಸರು ಪಡೆಯಿತು. ಯುನೆಸ್ಕೊ 2012ರಲ್ಲಿ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ 10 ನಮ್ಮ ರಾಜ್ಯದವು. ಅದು ಮನ್ನಣೆ, ನಮ್ಮ ದೇಶದ ಕಾನೂನಲ್ಲ.

ನಮ್ಮ ಊರು ಪರಿಸರ ಸೂಕ್ಷ್ಮ ಪ್ರದೇಶ ಅಂತ ‘ಘೋಷಣೆ’ ಆಗಿದೆಯಂತೆ. ನಿಜಾನಾ?

ಪಶ್ಚಿಮ ಘಟ್ಟದ ಇಎಸ್‌ಎ ಬಗ್ಗೆ ಕೇಳುತ್ತಿದ್ದರೆ, ಈವರೆಗೆ ಬಂದದ್ದೆಲ್ಲ ಕರಡು. ಗುರುತಿಸುವುದು, ಕರಡು ಹೊರಡಿಸುವುದು, ಅಂತಿಮ ಅಧಿಸೂಚನೆ ಹೊರಡಿಸುವುದು, ಇವು ಮೂರು ಹಂತ. ‘ಘೋಷಿಸಲಾಗಿದೆ’ ಅನ್ನುವುದು ಮೂರನೆಯದಕ್ಕೆ ಮಾತ್ರ ಸರಿ. ಪತ್ರಿಕೆಗಳಲ್ಲಿ ಪ್ರತಿ ಕರಡು ಬಂದಾಗಲೂ ‘ಘೋಷಣೆ’ ಅಂತಲೇ ತಲೆಬರಹ ಬರುತ್ತದೆ. ಇದು ನನಗೆ ಸ್ವಲ್ಪ ಸಿಟ್ಟು ತರಿಸುವ ವಿಷಯ.

ಮೊದಲ ಕರಡು 2014ರ ಮಾರ್ಚ್‌ನಲ್ಲಿ ಬಂತು. ನಿಗದಿತ ಅವಧಿಯಲ್ಲಿ ಅಂತಿಮವಾಗದಿದ್ದರೆ ಕರಡು ಬಿದ್ದುಹೋಗುತ್ತದೆ. ಹಾಗೆ ಬಿದ್ದು, ಮತ್ತೆ 2015, 2017, 2018, 2022ರಲ್ಲಿ ಬಂತು. ಆರನೆಯದು 2024ರ ಜುಲೈ 31ರಂದು. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದ ಮಾರನೇ ದಿನ. ಅದರ ಪ್ರಕಾರ ಆರು ರಾಜ್ಯ ಸೇರಿ ಸುಮಾರು 56,800 ಚದರ ಕಿ.ಮೀ. ಅದರಲ್ಲಿ ಕರ್ನಾಟಕದ್ದೇ 20,668 ಚದರ ಕಿ.ಮೀ. ಅಂದರೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ, ಎಲ್ಲ ರಾಜ್ಯಗಳಿಗಿಂತ ಹೆಚ್ಚು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದನ್ನು ಒಪ್ಪುವುದಿಲ್ಲ ಅಂತ ತೀರ್ಮಾನಿಸಿತು.

ಹಾಗಾದರೆ ಕರಡು ಇರುವ ತನಕ ಏನೂ ಜಾರಿಯಲ್ಲಿ ಇಲ್ಲ ಅಂತಾಯ್ತಲ್ಲ?

ಹಾಗಲ್ಲ. ಇದು ತುಂಬ ಜನಕ್ಕೆ ಗೊತ್ತಿಲ್ಲ. 2013ರ ನವೆಂಬರ್ 13ರಂದು ಸಚಿವಾಲಯ ಅದೇ ಕಾಯ್ದೆಯ 5ನೇ ಕಲಂ ಕೆಳಗೆ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿತು. ಕಸ್ತೂರಿರಂಗನ್ ಸಮಿತಿ ಗುರುತಿಸಿದ ಜಾಗದಲ್ಲಿ ಐದು ಬಗೆಯ ಹೊಸ ಕೆಲಸಕ್ಕೆ ಅನುಮತಿ ಕೊಡಬಾರದು ಅಂತ. ಆ ಐದು ಯಾವುವು ಅನ್ನುವುದು ಮುಂದಿನ ಉತ್ತರದಲ್ಲಿದೆ. ಅಂದರೆ ದೊಡ್ಡ ಕೆಲಸಗಳ ಮೇಲಿನ ತಡೆ ಬಂದು ಹತ್ತು ವರ್ಷದ ಮೇಲಾಯಿತು. ಆ ತಡೆಯ ನಡುವೆಯೇ ಮಲೆನಾಡಿನಲ್ಲಿ ಅಡಿಕೆ ತೋಟ ಹೆಚ್ಚಿದೆ, ಹೋಂಸ್ಟೇ ಹೆಚ್ಚಿದೆ, ಮನೆಗಳೂ ಆಗಿವೆ. ‘ಬಂದರೆ ನಾವು ಮನೆ ಬಿಡಬೇಕು’ ಅನ್ನುವವರು ಇದನ್ನೊಮ್ಮೆ ಯೋಚಿಸಬೇಕು.

ಏನೇನು ಮಾಡಬಾರದು?

ಇಎಸ್‌ಎ ಕರಡಿನ ಪ್ರಕಾರ ನಿಷೇಧದ ಪಟ್ಟಿ ಉದ್ದವೇನಿಲ್ಲ. ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು ಪೂರ್ತಿ ಬಂದ್. ಈಗ ನಡೆಯುತ್ತಿರುವವು ಅಂತಿಮ ಅಧಿಸೂಚನೆ ಬಂದ ಐದು ವರ್ಷದೊಳಗೆ, ಇಲ್ಲವೇ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ ನಿಲ್ಲಬೇಕು. ಹೊಸ ಉಷ್ಣ ವಿದ್ಯುತ್ ಸ್ಥಾವರ ಬೇಡ. ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಂಪು ವರ್ಗದ, ಅಂದರೆ ಹೆಚ್ಚು ಮಾಲಿನ್ಯ ಮಾಡುವ, ಹೊಸ ಕೈಗಾರಿಕೆ ಬೇಡ. 20,000 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಕಟ್ಟಡ ಬೇಡ. ಅದು ಸುಮಾರು 2.15 ಲಕ್ಷ ಚದರ ಅಡಿ. 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಟೌನ್‌ಶಿಪ್‌ಗಳು ಬೇಡ. ಜಲವಿದ್ಯುತ್ ಯೋಜನೆ ಪೂರ್ತಿ ನಿಷೇಧ ಅಲ್ಲ, ನದಿಯಲ್ಲಿ ನೀರಿನ ಹರಿವು ಉಳಿಸಬೇಕು ಅನ್ನುವ ಷರತ್ತಿದೆ.

ಇದರಲ್ಲಿ ಸಾಮಾನ್ಯ ಜನಕ್ಕೆ ನಿಜವಾಗಿ ತಟ್ಟುವುದು ಮೊದಲನೆಯದು. ಮರಳು ಮತ್ತು ಕಲ್ಲು. ಕೆಂಪುಕಲ್ಲು, ಜಂಬಿಟ್ಟಿಗೆ ತೆಗೆಯುವ ಊರುಗಳಿಗೆ ಇದು ಸಣ್ಣ ಪೆಟ್ಟಲ್ಲ. ಮನೆ ಕಟ್ಟುವವರು ದೂರದಿಂದ ತರಿಸಬೇಕಾಗುತ್ತದೆ, ಖರ್ಚು ಏರುತ್ತದೆ. ಈ ದೂರನ್ನು ‘ಸುಮ್ನೆ ಹೆದರಿಕೆ’ ಅಂತ ತಳ್ಳಿಹಾಕುವ ಪರಿಸರವಾದಿಗಳ ಮಾತು ನನಗೆ ಸರಿ ಕಾಣುವುದಿಲ್ಲ.

ತೋಟ ಮಾಡಬಹುದಾ? ಜಮೀನು ಮಾರಬಹುದಾ? ಮನೆ ರಿಪೇರಿ?

ಮೂರೂ ಮಾಡಬಹುದು. ಕೃಷಿ, ತೋಟಗಾರಿಕೆಗೆ ಕರಡಿನಲ್ಲಿ ನಿಷೇಧವಿಲ್ಲ. ಆಸ್ತಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ಅಡ್ಡಿಯಿಲ್ಲ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಇರುವ ಮನೆಯ ದುರಸ್ತಿ, ವಿಸ್ತರಣೆಯನ್ನು ಈಗಿನ ನಿಯಮದ ಪ್ರಕಾರ ಮಾಡಿಕೊಳ್ಳಬಹುದು.

ಒಕ್ಕಲೆಬ್ಬಿಸುತ್ತಾರಾ?

ಇಎಸ್‌ಎ ಕರಡಿನಲ್ಲಿ ಯಾರನ್ನೂ ಎಬ್ಬಿಸುವ ಮಾತಿಲ್ಲ. ಇಎಸ್‌ಝಡ್ ಅಧಿಸೂಚನೆಯ ಉದ್ದೇಶವೂ ಅದಲ್ಲ.

ಆದರೆ ಭಯ ಎಲ್ಲಿಂದ ಬಂತು ಅಂತ ನೋಡಬೇಕು. ಅರಣ್ಯ ಜಾಗದ ಒತ್ತುವರಿ ತೆರವು ಬೇರೆ ಕಾನೂನು. ಅದು 1963ರ ಕರ್ನಾಟಕ ಅರಣ್ಯ ಕಾಯ್ದೆಯ 64ಎ ಕಲಂ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿಯಿತು, ತಿಂಗಳ ಕೊನೆಗೆ ವಯನಾಡು. ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ಘಟ್ಟದ ಅರಣ್ಯ ಒತ್ತುವರಿ ತೆರವಿಗೆ ಸೂಚನೆ ಕೊಟ್ಟಿತು. ಅದೇ ಹೊತ್ತಿಗೆ ಕೇಂದ್ರದ ಆರನೇ ಕರಡೂ ಜನರ ಕೈಯಲ್ಲಿತ್ತು. ಎರಡೂ ಒಟ್ಟಿಗೆ ಬಂದವು. ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿದ್ದವರಿಗೆ ಯಾವ ಕಾಗದ ಯಾವುದು ಅಂತ ಬಿಡಿಸಿ ಹೇಳುವವರು ಇರಲಿಲ್ಲ. ಅವರ ಭಯ ಸುಳ್ಳಲ್ಲ. ಅದು ಅಂಟಿಕೊಂಡ ಪದ ಮಾತ್ರ ತಪ್ಪು.

ಇಎಸ್‌ಝಡ್‌ನಲ್ಲಿ ನಿಯಮ ಇನ್ನೂ ಬಿಗಿ ಇರುತ್ತದಂತೆ?

ಹೌದು, ಸ್ವಲ್ಪ ಬಿಗಿ. ಅಲ್ಲಿ ಮೂರು ಪಟ್ಟಿ ಇರುತ್ತದೆ: ನಿಷೇಧ, ನಿಯಂತ್ರಣ, ಪ್ರೋತ್ಸಾಹ. ಗಣಿ, ಕ್ರಷರ್, ಸಾಮಿಲ್, ಮಾಲಿನ್ಯದ ಕಾರ್ಖಾನೆ ನಿಷೇಧದಲ್ಲಿ. ರೆಸಾರ್ಟ್, ಹೋಟೆಲ್, ಮರ ಕಡಿಯುವುದು ನಿಯಂತ್ರಣದಲ್ಲಿ. ಮಳೆನೀರು ಕೊಯ್ಲು, ಸಾವಯವ ಕೃಷಿ ಪ್ರೋತ್ಸಾಹದಲ್ಲಿ. ಸ್ವಂತ ಮನೆಗೆ ಮಣ್ಣು ತೆಗೆಯಲು, ನಾಡಹೆಂಚು ಅಥವಾ ಇಟ್ಟಿಗೆ ಮಾಡಿಕೊಳ್ಳಲು ಸಾಮಾನ್ಯವಾಗಿ ವಿನಾಯಿತಿ ಬರೆದಿರುತ್ತಾರೆ.

ಎಷ್ಟು ಅಗಲ? ಅದಕ್ಕೆ ಒಂದೇ ಉತ್ತರವಿಲ್ಲ. 2022ರ ಜೂನ್ 3ರಂದು ಸುಪ್ರೀಂ ಕೋರ್ಟ್ ಕನಿಷ್ಠ 1 ಕಿ.ಮೀ. ಇರಲೇಬೇಕು ಅಂದಿತ್ತು. 2023ರ ಏಪ್ರಿಲ್‌ನಲ್ಲಿ ಅದನ್ನು ಸಡಿಲಿಸಿ, ಆಯಾ ಜಾಗಕ್ಕೆ ಹೊರಡಿಸಿದ ಕರಡು ಅಥವಾ ಅಂತಿಮ ಅಧಿಸೂಚನೆಯಲ್ಲಿರುವಂತೆ ನಡೆಯಲಿ ಎಂದಿತು. ಗಣಿಗಾರಿಕೆಗೆ ಮಾತ್ರ 1 ಕಿ.ಮೀ. ತಡೆ ಉಳಿಯಿತು. ಈ ಅಗಲ ಎಷ್ಟು ಹಿಗ್ಗಬಹುದು, ಕುಗ್ಗಬಹುದು ಅನ್ನುವುದಕ್ಕೆ ಬೆಂಗಳೂರಿನವರು ಬನ್ನೇರುಘಟ್ಟ ನೋಡಿದರೆ ಸಾಕು. 2016ರ ಕರಡಿನಲ್ಲಿ ಸುಮಾರು 269 ಚದರ ಕಿ.ಮೀ. ಇದ್ದ ವಲಯ 2020ರ ಅಂತಿಮ ಅಧಿಸೂಚನೆಗೆ ಬರುವಾಗ ಸುಮಾರು 169ಕ್ಕೆ ಇಳಿದಿತ್ತು. ಆ ಕಾಡಿನ ಆನೆಗಳು ಅಷ್ಟರಲ್ಲಿ ತಮ್ಮ ದಾರಿ ಬದಲಿಸಿಕೊಂಡಿರಲಿಲ್ಲ.

ಬಂಡೀಪುರದಲ್ಲಿ ರಾತ್ರಿ ಸಂಚಾರ ನಿಷೇಧ ಇದರಿಂದಾಗಿಯೇ ಅಲ್ವಾ?

ಅಲ್ಲ. ರಾತ್ರಿ 9ರಿಂದ ಬೆಳಗ್ಗೆ 6ರ ತನಕದ ಆ ನಿಷೇಧ 2009ರದು. ಬಂಡೀಪುರಕ್ಕೆ ಇಎಸ್‌ಝಡ್ ಬರುವುದಕ್ಕಿಂತ ಮೊದಲಿನದು. ಹುಲಿ ಕಾಡಿನ ಮಧ್ಯೆ ಹಾದುಹೋಗುವ ಹೆದ್ದಾರಿಯ ವಿಷಯ ಅದು.

ನಮ್ಮ ಊರಿನಲ್ಲಿ ಕಾಡೇ ಇಲ್ಲ. ಪಟ್ಟಿಯಲ್ಲಿ ಹೇಗೆ ಬಂತು?

ಲೆಕ್ಕ ಹಾಕಿದ ರೀತಿಯಿಂದ. ಕಸ್ತೂರಿರಂಗನ್ ಸಮಿತಿ ಉಪಗ್ರಹ ಚಿತ್ರ ನೋಡಿ, ಕಾಡು ಎಲ್ಲಿ ಒತ್ತಾಗಿದೆ, ಎಲ್ಲಿ ಚೂರುಚೂರಾಗಿದೆ ಅಂತ ಗುರುತು ಮಾಡಿತು. ಆಮೇಲೆ ಹಳ್ಳಿಯನ್ನೇ ಒಂದು ಘಟಕ ಅಂತ ಹಿಡಿಯಿತು. ಒಂದು ಕಂದಾಯ ಗ್ರಾಮದ ಶೇ 20 ಅಥವಾ ಹೆಚ್ಚು ಭಾಗ ಸೂಕ್ಷ್ಮ ಅಂತ ಕಂಡರೆ ಇಡೀ ಗ್ರಾಮ ಪಟ್ಟಿಗೆ ಸೇರಿತು. ಹೀಗಾಗಿ ಒಂದು ಗ್ರಾಮದ ಒಂದು ಮೂಲೆಯಲ್ಲಿ ದಟ್ಟ ಕಾಡಿದ್ದು ಉಳಿದದ್ದೆಲ್ಲ ಗದ್ದೆ, ತೋಟ ಆಗಿದ್ದರೂ ಗ್ರಾಮ ಪೂರ್ತಿ ಒಳಗೆ ಬಂತು. ಮೇಲಿನಿಂದ ನೋಡಿದರೆ ಮರದ ನೆರಳಿನ ಕಾಫಿ ತೋಟ, ಹಳೆಯ ಅಡಿಕೆ ತೋಟವೂ ಹಸಿರೇ. ಅದು ಕಾಡು ಅಂತ ಲೆಕ್ಕಕ್ಕೆ ಬಂದಿದೆ ಅನ್ನುವ ದೂರು ಕೊಡಗು, ಚಿಕ್ಕಮಗಳೂರಿನಿಂದ ಬಂದದ್ದು ಇದಕ್ಕೇ.

ಕರ್ನಾಟಕದಲ್ಲಿ ಹೀಗೆ 10 ಜಿಲ್ಲೆಗಳ ಸುಮಾರು 1,570 ಹಳ್ಳಿಗಳು ಪಟ್ಟಿಯಲ್ಲಿವೆ. ಉತ್ತರ ಕನ್ನಡ, ಶಿವಮೊಗ್ಗದವೇ ಜಾಸ್ತಿ.

ಇದನ್ನು ಸರಿಪಡಿಸಲು ದಾರಿ ಇರಲಿಲ್ಲವೇ ಅಂದರೆ, ಇತ್ತು. ಕೇರಳ ಉಮ್ಮನ್ ವಿ. ಉಮ್ಮನ್ ಸಮಿತಿ ಮಾಡಿ, ಹಳ್ಳಿ ಹಳ್ಳಿಯಲ್ಲಿ ಸ್ಥಳ ನೋಡಿಸಿತು. 13,108 ಚದರ ಕಿ.ಮೀ. ಇದ್ದದ್ದು 9,993.7ಕ್ಕೆ ಇಳಿಯಿತು. 2014ರ ಮೊದಲ ಕರಡಿನಲ್ಲೇ ಆ ಇಳಿದ ಅಂಕಿ ಸೇರಿತು. ಕೇರಳ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ, ಸೂಕ್ಷ್ಮವಾದದ್ದನ್ನೂ ತೆಗೆಸಿದ್ದಾರೆ ಅನ್ನುವ ವಾದ ಇದೆ. ಆದರೆ ಅವರು ಸರ್ವೆ ನಂಬರ್ ಹಿಡಿದು ವಾದ ಮಾಡಿದರು. ನಮ್ಮಲ್ಲಿ ಯಾವ ಪಕ್ಷದ ಸರ್ಕಾರ ಬಂದರೂ ‘ವರದಿಯೇ ಬೇಡ’ ಅನ್ನುವ ಒಂದೇ ಮಾತು. ಅಂಕಿ ಆರು ಕರಡಿನಲ್ಲೂ 20,668ರಲ್ಲೇ ನಿಂತಿದೆ.

ಪಟ್ಟಿಯಲ್ಲಿ ನಮ್ಮ ಊರು ಇದೆಯಾ ಅಂತ ನೋಡುವುದು ಹೇಗೆ?

ಕರಡು ಅಧಿಸೂಚನೆ ಭಾರತದ ರಾಜಪತ್ರದಲ್ಲಿ ಪ್ರಕಟವಾಗುತ್ತದೆ. ಇ-ಗೆಜೆಟ್ ಜಾಲತಾಣದಲ್ಲಿ ಸಿಗುತ್ತದೆ. ಕೊನೆಯಲ್ಲಿ ಜಿಲ್ಲೆ, ತಾಲ್ಲೂಕು, ಹಳ್ಳಿಯ ಪಟ್ಟಿ ಇರುತ್ತದೆ. ಹುಡುಕುವಾಗ ಎರಡು ವಿಷಯ ನೆನಪಿಡಿ. ಅಲ್ಲಿರುವುದು ಕಂದಾಯ ಗ್ರಾಮದ ಹೆಸರು. ನಿಮ್ಮ ಮಜರೆ, ಕೇರಿಯ ಹೆಸರು ಸಿಗುವುದಿಲ್ಲ. ಪಹಣಿಯಲ್ಲಿ ಗ್ರಾಮ ಅಂತ ಏನಿದೆಯೋ ಅದನ್ನು ನೋಡಿ. ಇನ್ನೊಂದು, ಇಂಗ್ಲಿಷಿನಲ್ಲಿ ಬರೆದ ಊರ ಹೆಸರುಗಳ ಕಾಗುಣಿತ ವಿಚಿತ್ರವಾಗಿರುತ್ತದೆ. ‘ಹಳ್ಳಿ’, ‘ಕೊಪ್ಪ’, ‘ಮನೆ’ ಎಲ್ಲ ಬೇರೆ ಬೇರೆ ರೂಪ ತಾಳಿರುತ್ತವೆ. ಒಂದು ಸಲ ಹುಡುಕಿ ಇಲ್ಲ ಅಂತ ಬಿಡಬೇಡಿ, ತಾಲ್ಲೂಕಿನ ಪಟ್ಟಿ ಪೂರ್ತಿ ಓದಿ.

ಇದು ಜಾರಿಯಾಗಿದ್ದರೆ ಗುಡ್ಡ ಕುಸಿಯುತ್ತಿರಲಿಲ್ಲವೇ?

ಹಾಗೆ ಖಂಡಿತ ಹೇಳಲು ಬರುವುದಿಲ್ಲ. ಕ್ವಾರಿ, ದೊಡ್ಡ ಕಟ್ಟಡ ತಪ್ಪಿದರೆ ಗುಡ್ಡಕ್ಕೆ ಒಳ್ಳೆಯದೇ. ಆದರೆ ರಸ್ತೆ ಅಗಲ ಮಾಡಲು ಗುಡ್ಡ ಕಡಿಯುವುದು ಇಎಸ್‌ಎ ನಿಷೇಧದ ಪಟ್ಟಿಯಲ್ಲಿ ಇಲ್ಲ. ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿ 66ರ ಪಕ್ಕದ ಗುಡ್ಡ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಕುಸಿದ ಕಡೆ ಇಳಿಜಾರಿನ ಮಣ್ಣನ್ನು ಮನೆಗೆ, ರಸ್ತೆಗೆ ನೇರ ಕಡಿದಿದ್ದ ಜಾಗಗಳೂ ಇದ್ದವು. ಅಂಥ ಸಣ್ಣ ಸಣ್ಣ ಕಡಿತಕ್ಕೆ ಈ ಕರಡಿನಲ್ಲಿ ಮದ್ದಿಲ್ಲ. ಅದು ಸ್ಥಳೀಯ ನಿಯಮದ ಕೆಲಸ.

ಬೇಕು ಅಂತ ಕೇಳಿದ ಊರು ಯಾವುದಾದರೂ ಇದೆಯಾ?

ಇದೆ. ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ಸಾವಂತವಾಡಿ, ದೋಡಾಮಾರ್ಗ ಭಾಗದ 25 ಗ್ರಾಮಸಭೆಗಳು ತಮ್ಮನ್ನು ಪರಿಸರ ಸೂಕ್ಷ್ಮ ಪ್ರದೇಶಕ್ಕೆ ಸೇರಿಸಿ ಅಂತ ಠರಾವು ಮಾಡಿದ್ದವು. ಗಾಡ್ಗೀಳ್ ವರದಿಯಲ್ಲೂ ಇದು ದಾಖಲಾಗಿದೆ. ಆ ಕಡೆ ಗಣಿ ಬರುವ ಭಯ ಇತ್ತು. ಬಾಗಿಲಲ್ಲಿ ಏನು ನಿಂತಿದೆ ಅನ್ನುವುದರ ಮೇಲೆ ಒಂದೇ ಪದ ಒಂದು ಊರಿಗೆ ರಕ್ಷಣೆಯಾಗಿ, ಇನ್ನೊಂದಕ್ಕೆ ಬೇಲಿಯಾಗಿ ಕಾಣುತ್ತದೆ.

ಬರೆಯುವಾಗ ಯಾವುದು ಸರಿ, ಯಾವುದು ತಪ್ಪು?

ಕೆಲವು ವಾಕ್ಯ ನೋಡಿ.

‘ಕುದುರೆಮುಖದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ’: ಸರಿ. ರಾಷ್ಟ್ರೀಯ ಉದ್ಯಾನದ ಸುತ್ತ ಅಂತಾದರೆ ‘ವಲಯ’.

‘ಕಸ್ತೂರಿರಂಗನ್ ವರದಿಯ ಬಫರ್ ಜೋನ್’: ತಪ್ಪು. ಆ ವರದಿಯ ವಿಷಯ ಇಎಸ್‌ಎ.

‘ಸೂಕ್ಷ್ಮ ಪ್ರದೇಶ ಎಂದು ಗುರುತಿಸಿದ ಹಳ್ಳಿಗಳು’: ಸರಿ, ಕರಡಿನ ಹಂತಕ್ಕೆ ಇದೇ ಮಾತು ಸಾಕು.

‘ಪರಿಸರ ಸೂಕ್ಷ್ಮ ಅರಣ್ಯ’: ಇಂಥದ್ದೊಂದು ಕಾನೂನಿನಲ್ಲಿ ಇಲ್ಲ. ಅರಣ್ಯವೋ, ಸೂಕ್ಷ್ಮ ಪ್ರದೇಶವೋ ಅಂತ ಬಿಡಿಸಿ ಬರೆಯಿರಿ.

‘ಜೀವಸೂಕ್ಷ್ಮ’, ‘ಪರಿಸರ ಸಂವೇದಿ’ ಅಂತಲೂ ಕೆಲವರು ಬರೆಯುತ್ತಾರೆ. ತಪ್ಪಲ್ಲ, ಆದರೆ ಓದುವವರಿಗೆ ಇನ್ನೊಂದು ಹೊಸ ಹೆಸರು ಕೊಟ್ಟು ಪ್ರಯೋಜನವಿಲ್ಲ.

ಆಕ್ಷೇಪಣೆ ಬರೆಯಬೇಕು. ಹೇಗೆ?

ಕರಡು ಬಂದ ಮೇಲೆ 60 ದಿನ ಸಮಯ ಇರುತ್ತದೆ. ದೆಹಲಿಯ ಜೋರ್ ಬಾಗ್ ರಸ್ತೆಯ ಇಂದಿರಾ ಪರ್ಯಾವರಣ ಭವನದಲ್ಲಿರುವ ಸಚಿವಾಲಯಕ್ಕೆ ಅಂಚೆಯಲ್ಲಿ ಕಳಿಸಬಹುದು. ಇಮೇಲ್ ವಿಳಾಸ ಕರಡಿನಲ್ಲೇ ಇರುತ್ತದೆ. ಮೊದಲ ಸಾಲಿನಲ್ಲಿ ಅಧಿಸೂಚನೆಯ ಸಂಖ್ಯೆ, ದಿನಾಂಕ ಹಾಕಿ. ಇಎಸ್‌ಎ ಅಥವಾ ಇಎಸ್‌ಝಡ್, ಯಾವುದು ಅಂತ ಬರೆಯಿರಿ. ‘ನಮಗೆ ಬೇಡ’ ಅಂತ ಒಂದೇ ಸಾಲು ಬರೆದು ನೂರು ಜನ ಸಹಿ ಹಾಕಿದರೆ ಅದು ಒಂದು ಅಭಿಪ್ರಾಯವಾಗುತ್ತದೆ ಅಷ್ಟೆ. ಕಂದಾಯ ಗ್ರಾಮದ ಹೆಸರು, ಯಾವ ಸರ್ವೆ ನಂಬರಿನಲ್ಲಿ ತೋಟ, ಯಾವುದರಲ್ಲಿ ಗದ್ದೆ, ಯಾವುದರಲ್ಲಿ ನಿಜವಾಗಿ ಕಾಡು ಅಂತ ಬಿಡಿಸಿ ಬರೆದು, ಪಹಣಿ, ಗ್ರಾಮನಕ್ಷೆಯ ಪ್ರತಿ ಜೋಡಿಸಿ. ಊರಿನ ಯಾವ ಭಾಗ ಒಳಗೆ ಇರಬೇಕು ಅಂತ ನಿಮಗೇ ಅನ್ನಿಸುತ್ತದೋ ಅದನ್ನೂ ಬರೆಯಿರಿ. ಗ್ರಾಮಸಭೆಯ ಠರಾವು ಇದ್ದರೆ ಅದರ ನಕಲು ಸೇರಿಸಿ. ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಗೂ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.